ಕಾಕಡುವಿನಲ್ಲಿ ಕಾಳಾಂಚಿಗೆ ಗಾಳ: ಕಾಸರಗೋಡಿನಿಂದ ಹೊರಡುವವರಿಗೆ

ನಮ್ಮ ಅಳಿವೆಗಳಲ್ಲಿ ಸಿಗುವ ಕಾಳಾಂಚಿಯನ್ನೇ ಆಸ್ಟ್ರೇಲಿಯಾದಲ್ಲಿ ಬಾರಮುಂಡಿ ಎನ್ನುತ್ತಾರೆ. ಹಾಗಾಗಿ ಶಿರಿಯ, ಮೊಗ್ರಾಲ್, ಚಂದ್ರಗಿರಿಗಳಲ್ಲಿ ಗಾಳ ಹಾಕಿ ಕೈ ಪಳಗಿದವರು ಮಕ್ಕಳ ಮನೆಗೆಂದು ಆ ಕಡೆ ಹೋದಾಗ ಉತ್ತರ ಆಸ್ಟ್ರೇಲಿಯಾದ ಕಾಕಡು ನ್ಯಾಷನಲ್ ಪಾರ್ಕ್ ನೋಡದೆ ಬರಬಾರದು. ಸುಮಾರು 20,000 ಚದರ ಕಿಲೋಮೀಟರಿನ ಕಾಡು, ಬಂಡೆ, ಜೌಗು ಬಯಲು, ಹೊಳೆ ಅದು. ಆದರೆ ಊರಿನ ಹೊಳೆಯ ಅಭ್ಯಾಸಗಳನ್ನು ಊರಲ್ಲೇ ಬಿಟ್ಟು ಹೋಗಬೇಕು. ಮೊಣಕಾಲುದ್ದ ನೀರಿಗಿಳಿದು ನಿಲ್ಲುವುದು, ಕಡವಿನ ಕಲ್ಲಿನ ಮೇಲೆ ಕೂತು ಮೀನು ಕೊಯ್ಯುವುದು, ದಿನವೂ ಅದೇ ಜಾಗಕ್ಕೆ ಬರುವುದು, ಇವುಗಳಲ್ಲಿ ಯಾವುದೂ ಅಲ್ಲಿ ಸಲ್ಲದು.

ಮೊದಲು ತಿಂಗಳು ಗೊತ್ತುಮಾಡಿಕೊಳ್ಳಿ. ನಮ್ಮಲ್ಲಿ ಆಟಿಯ ಮಳೆ ಸುರಿಯುವಾಗ ಅಲ್ಲಿ ಒಣಹವೆ. ಅವರ ಮಳೆಗಾಲ ನವೆಂಬರಿನಿಂದ ಏಪ್ರಿಲಿನವರೆಗೆ. ಮನೆಮಂದಿಯೊಂದಿಗೆ ಡೇರೆ ಹಾಕಿ ಇರುವುದಾದರೆ ಜೂನ್‌ನಿಂದ ಆಗಸ್ಟ್ ಒಳ್ಳೆಯದು: ರಾತ್ರಿ ತಂಪು, ರಸ್ತೆಗಳು ತೆರೆದಿರುತ್ತವೆ. ಹಕ್ಕಿಗಳೇ ಮುಖ್ಯವಾದರೆ ಸೆಪ್ಟೆಂಬರ್, ಅಕ್ಟೋಬರ್. ಆಗ ಬಯಲು ಒಣಗಿ, ಉಳಿದ ನೀರಿನ ಸುತ್ತ ಎಲ್ಲವೂ ಬಂದು ಸೇರುತ್ತವೆ. ಸೆಖೆ ಮಾತ್ರ ವಿಪರೀತ, ತಲೆಗೆ ದಿನಕ್ಕೆ ನಾಲ್ಕೈದು ಲೀಟರ್ ಕುಡಿಯುವ ನೀರು ಬೇಕು. ಮೀನಿಗೇ ಹೋಗುವವರಿಗೆ ಮಾರ್ಚ್, ಏಪ್ರಿಲ್. ಮಳೆಗೆ ತುಂಬಿದ ಬಯಲಿನ ನೀರು ಆಗ ತೋಡುಗಳಲ್ಲಿ ಹರಿದು ಹೊಳೆ ಸೇರುತ್ತದೆ, ಅದರ ಜೊತೆ ಸಣ್ಣ ಮೀನು, ಸಿಗಡಿಗಳೂ ಬರುತ್ತವೆ, ಬಾರಮುಂಡಿ ತೋಡಿನ ಬಾಯಲ್ಲಿ ಬಂದು ಕಾಯುತ್ತದೆ. ಆದರೆ ಆ ಹೊತ್ತಿಗೆ ಒಳರಸ್ತೆಗಳಲ್ಲಿ ಇನ್ನೂ ನೀರಿದ್ದು ಹಲವು ಕ್ಯಾಂಪುಗಳು ಮುಚ್ಚಿರುತ್ತವೆ. ಪಾರ್ಕಿನ ರಸ್ತೆ ವರದಿಯನ್ನು ಹೊರಡುವ ದಿನ ಬೆಳಿಗ್ಗೆಯೂ ನೋಡಿ.

ಹೋಗುವ ದಾರಿ ಸುಲಭ. ಸಿಂಗಾಪುರದಿಂದ ಡಾರ್ವಿನ್‌ಗೆ ನೇರ ವಿಮಾನವಿದೆ; ಡಾರ್ವಿನ್‌ನಿಂದ ಪಾರ್ಕಿನೊಳಗಿನ ಪೇಟೆ ಜಬಿರುವಿಗೆ ಆರ್ನೆಮ್ ಹೈವೇಯಲ್ಲಿ ಸುಮಾರು 250 ಕಿಲೋಮೀಟರ್, ಪೂರ್ತಿ ಡಾಮರು, ಮೂರು ತಾಸು. ನಮ್ಮಂತೆಯೇ ಎಡಬದಿಯ ಸಂಚಾರ. ಹೊತ್ತು ಮುಳುಗಿದ ಮೇಲೆ ಓಡಿಸಬೇಡಿ, ವಾಲಬಿ ಎಂಬ ಚಿಕ್ಕ ಕಾಂಗರೂ ಮತ್ತು ಕಾಡೆಮ್ಮೆಗಳು ರಸ್ತೆಗೇ ಬರುತ್ತವೆ. ಪೆಟ್ರೋಲ್ ಸಿಕ್ಕಲ್ಲೆಲ್ಲ ಟ್ಯಾಂಕ್ ತುಂಬಿಸಿಕೊಳ್ಳಿ. ಜಬಿರು, ಕುಯಿಂಡಾದಂಥ ಜಾಗ ಬಿಟ್ಟರೆ ಮೊಬೈಲ್ ಸಿಗುವುದಿಲ್ಲವೆಂದೇ ಲೆಕ್ಕ ಹಾಕಿ. ಪಾರ್ಕ್ ಪಾಸನ್ನು ಮೊದಲೇ ಆನ್‌ಲೈನಿನಲ್ಲಿ ಕೊಳ್ಳಬಹುದು.

ಊರಿನಿಂದ ಗಾಳದ ಸಾಮಾನು ಒಯ್ಯುವವರು ಒಂದು ವಿಷಯ ನೆನಪಿಡಬೇಕು. ಬಳಸಿದ ರಾಡ್, ರೀಲ್, ಡೇರೆ, ಬೂಟುಗಳಲ್ಲಿ ಕೆಸರು, ಬೀಜ, ಮೀನಿನ ಸಿಪ್ಪೆ ಇದ್ದರೆ ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ. ಸೋಪುನೀರಲ್ಲಿ ತಿಕ್ಕಿ ತೊಳೆದು, ಬಿಸಿಲಲ್ಲಿ ಗರಿಗರಿ ಒಣಗಿಸಿ, ಆಗಮನದ ಚೀಟಿಯಲ್ಲಿ ಬರೆದೇ ಒಯ್ಯಿರಿ. ತಿನ್ನುವ ವಸ್ತುಗಳನ್ನೆಲ್ಲ ಬರೆಯಿರಿ, ಬರೆಯದೆ ಸಿಕ್ಕಿಬಿದ್ದರೆ ಭಾರೀ ದಂಡ. ಹಸಿ ಕರಿಬೇವು, ಒಣಮೀನು ಮನೆಯಲ್ಲೇ ಇರಲಿ.

ಇನ್ನು ಮೊಸಳೆ. ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಮೊಸಳೆ ಬಬಿಯಾ ಸಿಹಿನೀರಿನ ಮಗ್ಗರ್ ಜಾತಿಯದು, 2022ರ ಅಕ್ಟೋಬರಿನಲ್ಲಿ ತೀರಿಹೋಗುವವರೆಗೂ ಯಾರಿಗೂ ಕೇಡು ಮಾಡಲಿಲ್ಲವೆಂದು ಊರು ನಂಬಿದೆ. ಅದನ್ನು ನೋಡಿ ಬೆಳೆದ ಕಣ್ಣಿಗೆ ಮೊಸಳೆಯ ಭಯ ಕಡಿಮೆ. ಕಾಕಡುವಿನದು ಉಪ್ಪುನೀರಿನ ಮೊಸಳೆ. ಗಂಡು ಐದು ಮೀಟರ್ ದಾಟುತ್ತದೆ, ಮನುಷ್ಯನನ್ನೂ ಬೇಟೆಯೆಂದೇ ನೋಡುತ್ತದೆ. ಕಾಕಡು ಇರುವ ನಾರ್ದರ್ನ್ ಟೆರಿಟರಿ ಪ್ರಾಂತ್ಯದಲ್ಲಿ 1971ರಿಂದ ಬೇಟೆ ನಿಷೇಧವಾದ ಮೇಲೆ ಅವುಗಳ ಸಂಖ್ಯೆ ಬಹಳ ಬೆಳೆದಿದೆ. ಹೆಸರಿನಲ್ಲಿ ಉಪ್ಪುನೀರು ಇದ್ದರೂ ಸಿಹಿನೀರಿನ ಹೊಂಡಗಳಲ್ಲೂ ಇರುತ್ತದೆ. ಕೆಂಪುಮಣ್ಣಿನ ನೀರಿನಲ್ಲಿ ಕಣ್ಣೂ ಮೂಗಿನ ತುದಿಯೂ ಮಾತ್ರ ಮೇಲಿರುವುದರಿಂದ ಎರಡು ಮಾರು ದೂರದಲ್ಲಿದ್ದರೂ ಕಾಣಿಸದು. ನಿನ್ನೆ ನೀವು ಎಲ್ಲಿಗೆ ಬಂದಿರಿ, ಎಷ್ಟು ಹೊತ್ತಿಗೆ ಬಂದಿರಿ ಎಂಬುದನ್ನು ಅದು ಗಮನಿಸಿಟ್ಟು, ಇವತ್ತು ಅಲ್ಲೇ ಕಾದಿರುತ್ತದೆ. ಒಂದೇ ಜಾಗಕ್ಕೆ ಮತ್ತೆ ಹೋಗಬೇಡಿ ಎನ್ನುವುದು ಇದಕ್ಕೇ. ದಡದಿಂದ ಕನಿಷ್ಠ 5 ಮೀಟರ್ ಹಿಂದೆ ನಿಲ್ಲಿ, ಡೇರೆ ನೀರಿನಿಂದ 50 ಮೀಟರಾದರೂ ದೂರವಿರಲಿ. ದೋಣಿಯಿಂದ ಕೈಕಾಲು ಹೊರಚಾಚಬೇಡಿ, ಕೈ ತೊಳೆಯುವುದಕ್ಕೂ. ಮರದ ಬೊಡ್ಡೆಗೆ ಸಿಕ್ಕಿದ ಲೂರ್ (ಮೀನಿನಾಕಾರದ ಕೃತಕ ಎರೆ) ಬಿಡಿಸಲು ನೀರಿಗೆ ಬಗ್ಗುವ ಬದಲು ದಾರ ಕತ್ತರಿಸಿ ಬಿಟ್ಟುಬಿಡಿ. ಮೀನಿನ ಕರುಳು, ತಲೆಗಳನ್ನು ದಡದಲ್ಲಿ ಎಸೆದರೆ ನಿಮ್ಮ ನಂತರ ಬರುವವರಿಗೆ ಅಪಾಯ.

ಮೊಸಳೆಯಷ್ಟೇ ಮುಖ್ಯ ಭರತ, ಇಳಿತ. ನಮ್ಮ ಕರಾವಳಿಯಲ್ಲಿ ಎರಡರ ವ್ಯತ್ಯಾಸ ಹೆಚ್ಚೆಂದರೆ ಒಂದೂವರೆ ಮೀಟರಿನ ಆಸುಪಾಸು. ಡಾರ್ವಿನ್‌ನಲ್ಲಿ ಅದು 8 ಮೀಟರಿನವರೆಗೂ ಏರುತ್ತದೆ. ಕಾಕಡುವಿನ ಸೌತ್ ಅಲಿಗೇಟರ್ ಹೊಳೆಯಲ್ಲಿ ಭರತ ಹತ್ತಾರು ಕಿಲೋಮೀಟರ್ ಒಳನುಗ್ಗುತ್ತದೆ. ಇಳಿತ ಗಮನಿಸದೆ ತೋಡಿನೊಳಗೆ ದೋಣಿ ಬಿಟ್ಟವರು ಕೆಸರಿನ ಮೇಲೆ ಕೂತು ಮುಂದಿನ ಭರತಕ್ಕೆ ತಾಸುಗಟ್ಟಲೆ ಕಾಯಬೇಕಾಗುತ್ತದೆ. ಇಳಿದು ದೂಡುವ ಮಾತೇ ಇಲ್ಲ. ಡಾರ್ವಿನ್‌ನ ಭರತ-ಇಳಿತದ ಪಟ್ಟಿಯ ಹೊತ್ತು ಒಳಹೊಳೆಗಳಿಗೆ ಹೊಂದುವುದಿಲ್ಲ, ಅಲ್ಲಿ ಭರತ ಹಲವು ತಾಸು ತಡವಾಗಿ ಬರುತ್ತದೆ. ಈಸ್ಟ್ ಅಲಿಗೇಟರ್ ಹೊಳೆಯ ಕೇಹಿಲ್ಸ್ ಕ್ರಾಸಿಂಗ್‌ನಲ್ಲಿ ಭರತ ಏರುವಾಗ ಮೀನಿನ ಹಿಂಡು ಹೊಳೆಗೆ ಅಡ್ಡವಾಗಿರುವ ತಗ್ಗು ರಸ್ತೆಕಟ್ಟೆಯನ್ನು ದಾಟುತ್ತದೆ, ಅದನ್ನು ಹಿಡಿಯಲು ಮೊಸಳೆಗಳು ಸಾಲುಗಟ್ಟುತ್ತವೆ. ನೋಡಲು ಮೇಲೆ ವೇದಿಕೆ ಕಟ್ಟಿದ್ದಾರೆ, ಅಲ್ಲಿಂದಲೇ ನೋಡಿ. 2017ರಲ್ಲಿ ನಡೆದು ದಾಟಲು ಹೋದ ಒಬ್ಬರನ್ನು ಅಲ್ಲಿ ಮೊಸಳೆ ಕೊಂದಿತು. ಆಚೆ ದಡ ಆರ್ನೆಮ್ ಲ್ಯಾಂಡ್, ಅಲ್ಲಿಗೆ ಹೋಗಲು ಬೇರೆಯೇ ಅನುಮತಿ ಬೇಕು.

ಮೀನು ಹಿಡಿಯಲು ಲೈಸೆನ್ಸ್ ಬೇಡ, ನಿಯಮಗಳು ಮಾತ್ರ ಗಟ್ಟಿ. ಬೀಸುಬಲೆ, ಏಡಿಬುಟ್ಟಿ, ಜೀವಂತ ಎರೆ ಪಾರ್ಕಿನೊಳಗೆ ನಿಷಿದ್ಧ. ಕಾಕಡು ಹೈವೇಯ ಪೂರ್ವಕ್ಕಿರುವ ನೀರಿನಲ್ಲಿ, ಮುಯಿರೆಲ್ಲಾದಂಥ ಕೆಲವು ಹೊಂಡಗಳನ್ನು ಬಿಟ್ಟರೆ, ಗಾಳ ಹಾಕುವಂತಿಲ್ಲ. 55 ಸೆಂಟಿಮೀಟರಿಗಿಂತ ಚಿಕ್ಕ ಬಾರಮುಂಡಿ ಸಿಕ್ಕರೆ ವಾಪಸು ಬಿಡಬೇಕು. ತೀರಾ ದೊಡ್ಡದನ್ನೂ ಬಿಡುವುದು ನ್ಯಾಯ: ಈ ಮೀನು ಗಂಡಾಗಿ ಬೆಳೆದು ಆಮೇಲೆ ಹೆಣ್ಣಾಗುತ್ತದೆ, ಮೀಟರುದ್ದದ್ದು ಬಹುತೇಕ ಮೊಟ್ಟೆಯಿಡುವ ತಾಯಿಯೇ.

ರಾಡ್ ಗಟ್ಟಿಯಿರಲಿ, 14 ಕಿಲೋ ತಡೆಯುವ ಹೆಣೆದ ದಾರ, ತುದಿಗೆ ಒಂದು ಮಾರು 25ರಿಂದ 30 ಕಿಲೋದ ನೈಲಾನ್ ತಂಗೂಸಿ. ತುದಿ ದಪ್ಪಗಿರಬೇಕಾದ್ದು ಬಾರಮುಂಡಿಯ ಒರಟು ಬಾಯಿ, ಹರಿತವಾದ ಕಿವಿರುಮುಚ್ಚಳ ದಾರವನ್ನು ತೇಯುವುದರಿಂದ. ಅದೇ ಮುಚ್ಚಳ ಬೆರಳನ್ನೂ ಕೊಯ್ಯುತ್ತದೆ, ಕೈಗವಸು ಬೇಕು. ಲೂರ್ 10ರಿಂದ 15 ಸೆಂಟಿಮೀಟರಿನದು, ಕೆಳತುಟಿಯಿದ್ದು ಮುಳುಗಿ ಅಲುಗಾಡುವಂಥದ್ದು ಸಾಕು. ಇಳಿತದ ಕೊನೆಯ ಒಂದೆರಡು ತಾಸು, ಆಮೇಲೆ ಭರತದ ಮೊದಲ ತಾಸು ಒಳ್ಳೆಯದು. ತೋಡಿನ ತಿಳಿನೀರು ಹೊಳೆಯ ಕೆಸರುನೀರಿಗೆ ಕೂಡುವ ಗೆರೆಯಲ್ಲಿ, ಬಿದ್ದ ಮರದ ಬುಡದಲ್ಲಿ ಎಸೆಯಿರಿ. ಎಳೆದು ಕ್ಷಣ ನಿಲ್ಲಿಸಿ, ಹೆಚ್ಚಿನ ಹೊಡೆತ ಬೀಳುವುದು ನಿಂತಾಗಲೇ. ಮೀನು ನೀರಿನಿಂದ ಹಾರಲು ಬಂದಾಗ ರಾಡಿನ ತುದಿಯನ್ನು ನೀರಿನ ಮಟ್ಟಕ್ಕೆ ತಗ್ಗಿಸಿ; ಎತ್ತಿ ಹಿಡಿದರೆ ಅದು ತಲೆ ಒದರಿ ಲೂರನ್ನು ಉಗಿದುಬಿಡುತ್ತದೆ. ಬಿಡುವ ಮೀನನ್ನು ಬಾಯಿಯಿಂದ ನೇತಾಡಿಸಬೇಡಿ, ಎರಡು ಕೈಯಲ್ಲಿ ಅಡ್ಡ ಹಿಡಿದು, ಬೇಗ ಬಿಡಿ. ಮೊದಲ ಸಲ ಹೋಗುವವರು ದೋಣಿ ಬಾಡಿಗೆಗೆ ಹಿಡಿಯದೆ ಗೈಡ್‌ನ ದೋಣಿಯಲ್ಲೇ ಹೋಗಬೇಕು, ಇದರಲ್ಲಿ ಉಳಿತಾಯ ನೋಡಬಾರದು.

ಡೇರೆಗೆ ಯೆಲ್ಲೋ ವಾಟರ್ ಎಂಬ ಹೊಂಡದ ಹತ್ತಿರದ ಮಾರ್ಡುಗಲ್, ಬಂಡೆಚಿತ್ರಗಳಿರುವ ಉಬಿರ್ ಹತ್ತಿರದ ಮರ್ಲ್ ಕ್ಯಾಂಪುಗಳು ಅನುಕೂಲ. ಎರಡರಲ್ಲೂ ಶೌಚಾಲಯ, ಸ್ನಾನದ ಮನೆ ಇವೆ. ಮರ್ಲ್‌ನಲ್ಲಿ ಸಂಜೆಯ ಸೊಳ್ಳೆ ಬಹಳ, ಮೈತುಂಬ ಬಟ್ಟೆಯೂ ಸೊಳ್ಳೆ ಓಡಿಸುವ ಡೀಟ್ ಇರುವ ಮುಲಾಮೂ ಬೇಕು. ಅಲ್ಲಿನ ಸೊಳ್ಳೆಗಳಿಂದ ರಾಸ್ ರಿವರ್ ಜ್ವರ ಬರುತ್ತದೆ.

ಯೆಲ್ಲೋ ವಾಟರ್‌ನಲ್ಲಿ ಸೂರ್ಯೋದಯದ ದೋಣಿಗೆ ಮೊದಲೇ ಟಿಕೆಟ್ ಮಾಡಿ. ನೀಲೇಶ್ವರದ ಕಡೆ ತೆಂಗಿನ ಮೇಲೆ ಕಾಣುವ ಬಿಳಿಹೊಟ್ಟೆಯ ಕಡಲಹದ್ದು ಅಲ್ಲೂ ಸಿಗುತ್ತದೆ. ತಾವರೆ ಎಲೆಯ ಮೇಲೆ ಉದ್ದ ಬೆರಳಿನ ಜಕಾನ ಹಕ್ಕಿ ನಡೆಯುತ್ತಿರುತ್ತದೆ. ಸಾವಿರಾರು ಮ್ಯಾಗ್‌ಪೈ ಹೆಬ್ಬಾತುಗಳನ್ನು ನೋಡಲು ಒಣಗಾಲದ ಕೊನೆಗೆ ಮಮುಕಾಲಾ ಜೌಗು ಸರಿ. ಸಂಜೆಗೆ ಉಬಿರ್. ಬಂಡೆಯ ಮುಖ್ಯ ಗ್ಯಾಲರಿಯಲ್ಲಿ ಬಾರಮುಂಡಿಯನ್ನು ಬೆನ್ನುಮೂಳೆ, ಒಳಗಿನ ಅಂಗಾಂಗಗಳ ಸಮೇತ ಬರೆದಿದ್ದಾರೆ, ಮೀನು ಕೊಯ್ದು ತಿಳಿದವರ ಕೈಯ ಚಿತ್ರ. ಅದು ಅಲ್ಲಿನ ಮೂಲನಿವಾಸಿಗಳ ನೆಲ, ಚಿತ್ರಗಳನ್ನು ಮುಟ್ಟಬೇಡಿ; ಬೇಲಿ ಹಾಕಿದಲ್ಲಿ, ಫೋಟೊ ಬೇಡವೆಂದು ಬರೆದಲ್ಲಿ ಮಾತು ಕೇಳಿ. ಉಬಿರ್‌ನಿಂದ ಇಳಿಯುವಾಗ ಕತ್ತಲಾಗಿರುತ್ತದೆ, ಟಾರ್ಚ್ ಇಟ್ಟುಕೊಂಡಿರಿ.