ಸತ್ತ ಮೀನು ಮತ್ತು ನನ್ನ ಎರಡು ನಿಮಿಷದ ವಿಡಿಯೊ

ಬೇಸಿಗೆಯ ಮೊದಲ ಜೋರು ಮಳೆ ಬಂದ ಮರುದಿನ ಬೆಂಗಳೂರಿನ ನಮ್ಮ ಬಡಾವಣೆಯ ಕೆರೆಯಲ್ಲಿ ಮೀನುಗಳು ಸತ್ತು ತೇಲುತ್ತಿದ್ದವು. ದಡದ ತುಂಬಾ ನಾತ. ನಾನು ವಾಕಿಂಗ್ ನಿಲ್ಲಿಸಿ ಮೊಬೈಲ್ ತೆಗೆದೆ. ಆಚೆ ದಡದಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಘಟಕ ಇದೆ. ಕ್ಯಾಮೆರಾ ಅತ್ತ ತಿರುಗಿಸಿ, 'ವಿಷ ಬಿಟ್ಟವರು ಇವರೇ' ಅಂದುಬಿಟ್ಟೆ.

ಸಂಜೆಯೊಳಗೆ ವಿಡಿಯೊ ಎಲ್ಲ ವಾಟ್ಸಾಪ್ ಗುಂಪುಗಳಿಗೂ ಹೋಗಿತ್ತು. ಹತ್ತು ಹದಿನೈದು ಜನ ಘಟಕದ ಗೇಟಿಗೆ ಹೋಗಿ ಕೂಗಾಡಿದರು. ಆಮೇಲೆ ಗೊತ್ತಾಯಿತು, ಮಾಲೀಕರ ಮನೆಯಲ್ಲಿ ಸಾವಾಗಿ ಘಟಕ ಹತ್ತು ದಿನದಿಂದ ಮುಚ್ಚಿತ್ತು. ಅಲ್ಲಿದ್ದವನು ಕಾವಲುಗಾರ ಒಬ್ಬನೇ. ಅವನು ಪೆಟ್ಟು ತಿನ್ನದೆ ಉಳಿದದ್ದೇ ಪುಣ್ಯ.

ಪತ್ರಿಕೆಯ ಡೆಸ್ಕಿನಲ್ಲಿರುವ ನನ್ನ ಹಳೇ ಗೆಳೆಯ ಫೋನ್ ಮಾಡಿದ. "ನೀನು ಮಾಡಿದ್ದು ಪತ್ರಿಕೋದ್ಯಮ ಅಲ್ಲ ಮಾರಾಯ, ಚಾಡಿ."

"ನಿಮ್ಮ ವರದಿಗಾರರು ಈ ಕೆರೆ ಕಡೆ ಬಂದು ಎಷ್ಟು ವರ್ಷ ಆಯ್ತು, ಹೇಳು" ಅಂದೆ.

ಅದಕ್ಕೆ ಅವನಲ್ಲಿ ಉತ್ತರ ಇರಲಿಲ್ಲ. ಅವನ ಮಾತಿಗೆ ನನ್ನಲ್ಲೂ ಇರಲಿಲ್ಲ. ಕೊನೆಗೆ ಅವನೇ ದಕ್ಷಿಣ ಕೊರಿಯಾದ ಓಮೈನ್ಯೂಸ್ ಕತೆ ಹೇಳಿದ. 2000ದಲ್ಲಿ 'ಪ್ರತಿ ನಾಗರಿಕನೂ ವರದಿಗಾರ' ಅಂತ 727 ಜನರನ್ನು ಕಟ್ಟಿಕೊಂಡು ಶುರುವಾದ ಸುದ್ದಿತಾಣ ಅದು. ಬರೆಯುವವರು ಸಾಮಾನ್ಯ ಜನ, ಆದರೆ ಅದನ್ನು ತಿದ್ದಿ ನೋಡೋಕೆ ಸಂಪಾದಕರು ಇದ್ದರು. "ನಿನಗೆ ಯಾರಿದ್ದಾರೆ?" ಅಂದ. ನನಗಿದ್ದದ್ದು ಫಾರ್ವರ್ಡ್ ಬಟನ್ ಮಾತ್ರ.

ಹಾಗಾದರೆ ಮೀನು ಸತ್ತದ್ದು ಯಾಕೆ? ಮೊದಲ ಮಳೆ ಬಂದಾಗ ರಾಜಕಾಲುವೆಯಲ್ಲಿ ತಿಂಗಳುಗಟ್ಟಲೆ ನಿಂತ ಒಳಚರಂಡಿ ಕೊಳೆ ಒಮ್ಮೆಲೇ ಕೆರೆಗೆ ನುಗ್ಗುತ್ತದೆ. ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತದೆ. ರಾತ್ರಿ ಪಾಚಿಯೂ ಆಮ್ಲಜನಕ ಕೊಡುವುದಿಲ್ಲ, ತಾನೇ ತೆಗೆದುಕೊಳ್ಳುತ್ತದೆ. ಬೆಳಗಿನ ಜಾವ ಮೀನು ಬಾಯಿ ತೆರೆದು ಮೇಲೆ ಬರುವುದು ಅದಕ್ಕೇ. ವಿಷ ಬೇಕಾಗಿಯೇ ಇಲ್ಲ.

ಈಗ ನಾನು ಕೆಲಸ ಮಾಡುವ ರೀತಿ ಬೇರೆ. ಮಾಲಿನ್ಯ ನಿಯಂತ್ರಣ ಮಂಡಳಿ ಕೆರೆ ನೀರನ್ನು ಪರೀಕ್ಷಿಸಿ ಎ ಯಿಂದ ಇ ವರೆಗೆ ದರ್ಜೆ ಕೊಡುತ್ತದೆ. ಮೀನು ಬದುಕುವ 'ಡಿ' ದರ್ಜೆಗೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಬೇಕು. ಆ ಅಂಕಿ ಮೊದಲು ನೋಡುತ್ತೇನೆ. ಚರಂಡಿ ಕೊಳವೆ ಬಗ್ಗೆ ಮಾಹಿತಿ ಹಕ್ಕಿನಲ್ಲಿ ಕೇಳುತ್ತೇನೆ. 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಮೊದಮೊದಲು ಸಿಟ್ಟು ಬಂದಿತ್ತು. ನಿಜ ಹೇಳಬೇಕೆಂದರೆ, ಆ 150 ಪದವೇ ನನಗೆ ಪ್ರಶ್ನೆ ಕೇಳೋದು ಕಲಿಸಿತು. 'ಕೆರೆ ಯಾಕೆ ಹಾಳಾಗಿದೆ' ಅಂದರೆ ಯಾರೂ ಉತ್ತರಿಸಲ್ಲ. 'ಈ ಮೋರಿಗೆ ಸೇರುವ ಕೊಳವೆಯ ನಕ್ಷೆ ಕೊಡಿ' ಅಂದರೆ ಕೊಡಲೇಬೇಕಲ್ವಾ?

ಯಾರ ಮೇಲೆ ಆರೋಪ ಇದೆಯೋ ಅವರ ಬಾಗಿಲಿಗೂ ಹೋಗುತ್ತೇನೆ. ಮೊದಲು ಹೋಗಿದ್ದು ಆ ಘಟಕಕ್ಕೆ, ಕ್ಷಮೆ ಕೇಳೋಕೆ. ಕಾವಲುಗಾರ ಗೇಟು ತೆಗೆಯಲಿಲ್ಲ.

ಆ ಚರಂಡಿ ಕೊಳವೆ ಬಗ್ಗೆ ಹೊಸ ವಿಡಿಯೊ ಹಾಕಿದಾಗ ನೋಡಿದವರು ಬಹಳ ಕಡಿಮೆ. ಹಳೆಯದನ್ನು ಅಳಿಸಿ ಎಷ್ಟೋ ಕಾಲವಾಯಿತು. ಆದರೂ ಪ್ರತಿ ಮಳೆಗಾಲ ಯಾರಾದರೊಬ್ಬರು ಅದನ್ನು ನನಗೇ ಕಳಿಸುತ್ತಾರೆ: 'ನೋಡಿ ಸಾರ್, ನಮ್ಮ ಕೆರೆ ಗತಿ.'