ಹೊಸಬರಿಗೆ ಮಾರ್ಗದರ್ಶಿ: ವಿಮಾನದ ದೂರ, ಹಾರಾಟದ ಅವಧಿ ಮತ್ತು ಮನೆಯಿಂದ ಹೊರಡುವ ಹೊತ್ತು

ಸಿಪಿಸಿಆರ್‌ಐ ಎಂಬ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಗೋ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಬ್ಯಾಂಕಿಗೋ ವರ್ಗವಾಗಿ ಕಾಸರಗೋಡಿಗೆ ಬರುವ ಕನ್ನಡ ಕುಟುಂಬಗಳು ನಮ್ಮ ಸಂಘದಲ್ಲಿ ಮೊದಲು ವಿಚಾರಿಸುವುದು, ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು ಬೇಕು ಎಂಬುದನ್ನು. ಹತ್ತಿರದ ವಿಮಾನ ನಿಲ್ದಾಣವಿರುವ ಮಂಗಳೂರಿನಿಂದ ಬೆಂಗಳೂರಿಗೆ ಆಕಾಶಮಾರ್ಗದಲ್ಲಿ ಸುಮಾರು 300 ಕಿ.ಮೀ., ಹಾರಾಟಕ್ಕೆ ಒಂದು ಗಂಟೆ. ಮುಂಬಯಿಗೆ ಸುಮಾರು 715 ಕಿ.ಮೀ., ಒಂದೂವರೆ ಗಂಟೆಗೆ ತುಸು ಹೆಚ್ಚು. ದೂರ ಇಮ್ಮಡಿಗಿಂತ ಹೆಚ್ಚಿದ್ದರೂ ಹೊತ್ತು ಇಮ್ಮಡಿಯಾಗದಿರುವುದಕ್ಕೆ ಕಾರಣವಿದೆ: ಟಿಕೆಟಿನಲ್ಲಿ ಕಾಣಿಸುವ ಅವಧಿಯಲ್ಲಿ ವಿಮಾನವು ನೆಲದ ಮೇಲೆ ಸಾಗುವ, ಮೇಲೇರುವ ಮತ್ತು ಕೆಳಗಿಳಿಯುವ ಸಮಯವೂ ಸೇರಿದ್ದು, ದೂರ ಎಷ್ಟೇ ಇರಲಿ ಆ ಭಾಗ ಹೆಚ್ಚೇನೂ ಬದಲಾಗುವುದಿಲ್ಲ.

ಆದರೆ ಪ್ರಯಾಣವನ್ನು ಮನೆಯ ಹೊಸಿಲಿನಿಂದ ಎಣಿಸಬೇಕು. ನಾನು ಇಲ್ಲಿಗೆ ಬಂದ ಮೊದಲ ಮಳೆಗಾಲದಲ್ಲಿ, ತಂದೆಯವರ ಶಸ್ತ್ರಚಿಕಿತ್ಸೆಗೆಂದು ಹೊರಟವನು, ಹಾರಾಟ ಒಂದೇ ಗಂಟೆಯಲ್ಲವೇ ಎಂಬ ಧೈರ್ಯದಲ್ಲಿ ತಡಮಾಡಿ, ತಲಪಾಡಿಯ ಆಚೆ ವಾಹನಗಳ ಸಾಲಿನಲ್ಲಿ ಸಿಲುಕಿ, ಕೌಂಟರ್ ಮುಚ್ಚಿ ಹತ್ತು ನಿಮಿಷವಾದ ಮೇಲೆ ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆ ತಲುಪಿದೆ. ರಾತ್ರಿ ಬಸ್ಸಿನಲ್ಲಿ ಹೋಗಿ ಸೇರುವಷ್ಟರಲ್ಲಿ ಅವರನ್ನು ವಾರ್ಡಿಗೆ ತಂದಾಗಿತ್ತು. ಆದ್ದರಿಂದ ಬೇಸರಿಸದೆ ಓದಿರಿ: ಕಾಸರಗೋಡು ಪೇಟೆಯಿಂದ ಮಂಗಳೂರು ವಿಮಾನ ನಿಲ್ದಾಣಕ್ಕೆ ರಸ್ತೆಯಲ್ಲಿ ಸುಮಾರು 65 ಕಿ.ಮೀ. ಇದೆ, ಬೆಳಿಗ್ಗೆ 10 ಗಂಟೆಯ ವಿಮಾನಕ್ಕೆ 6 ಗಂಟೆಗೆ, ಜೂನ್–ಜುಲೈ ತಿಂಗಳುಗಳಲ್ಲಿ 5 ಗಂಟೆಗೇ ಮನೆ ಬಿಡಬೇಕು. ಬೆಂಗಳೂರಿನಲ್ಲಿ ಇಳಿದು, ಸಾಮಾನು ಪಡೆದು, ನಗರದೊಳಗಿನ ಮನೆ ಸೇರುವಾಗ ಮಧ್ಯಾಹ್ನ ಒಂದಾಗಿರುತ್ತದೆ. ಅಂದರೆ ಒಂದು ಗಂಟೆಯ ಹಾರಾಟಕ್ಕೆ ಏಳೆಂಟು ಗಂಟೆಯ ಪ್ರಯಾಣ. ಮಂಗಳೂರಿನ ರನ್‌ವೇ ಗುಡ್ಡದ ನೆತ್ತಿಯಲ್ಲಿರುವುದರಿಂದ ಮಳೆ, ಮಂಜು ದಟ್ಟವಾದಾಗ ವಿಮಾನಗಳನ್ನು ಬೇರೆ ನಿಲ್ದಾಣಗಳಿಗೆ ತಿರುಗಿಸುವುದೂ ಉಂಟು. ತುರ್ತಿಲ್ಲದವರಿಗೆ ಕಣ್ಣೂರು–ಬೆಂಗಳೂರು ರಾತ್ರಿ ರೈಲೇ ಲೇಸೆಂಬುದು ನನ್ನ ಅಭಿಪ್ರಾಯ.

ಯಾವ ನಿಲ್ದಾಣ?

ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ: ಮಂಗಳೂರು.
ಹೊಸದುರ್ಗ: ಮಂಗಳೂರು, ಕಣ್ಣೂರು ಎರಡೂ ಹೆಚ್ಚುಕಡಿಮೆ ಸಮದೂರ.
ನೀಲೇಶ್ವರದಿಂದ ದಕ್ಷಿಣಕ್ಕೆ: 2018ರ ಡಿಸೆಂಬರಿನಲ್ಲಿ ಆರಂಭವಾದ, ಮಟ್ಟನ್ನೂರಿನಲ್ಲಿರುವ ಕಣ್ಣೂರು ನಿಲ್ದಾಣ.

ಟ್ಯಾಕ್ಸಿ ಕರೆಯುವಾಗ ಹೊಸದುರ್ಗವನ್ನು ನಕ್ಷೆಯಲ್ಲಿ ಕಾಞಂಗಾಡ್ ಎಂದು ಹುಡುಕಬೇಕಾದೀತು. ಆದರೂ ನಮ್ಮವರ ನಡುವೆ ಹೊಸದುರ್ಗವೆಂಬ ಹೆಸರನ್ನು ಬಿಡಬೇಡಿ.

ಗಲ್ಫಿನ ವೇಳೆ

ಮಂಗಳೂರಿನಿಂದ ದುಬೈಗೆ ಸುಮಾರು 2,450 ಕಿ.ಮೀ. ಟಿಕೆಟಿನಲ್ಲಿ ಹೊರಡುವುದು 9:00, ತಲುಪುವುದು 11:15 ಎಂದಿದ್ದರೆ ಹಾರಾಟ ಎರಡೂಕಾಲು ಗಂಟೆಯೆಂದು ತಿಳಿಯಬಾರದು. ಆಯಾ ಊರಿನ ಗಡಿಯಾರವನ್ನೇ ಅಲ್ಲಿ ಬರೆದಿರುತ್ತಾರೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿರುವುದರಿಂದ ನಿಜವಾದ ಅವಧಿ ಮೂರೂಮುಕ್ಕಾಲು ಗಂಟೆ. ಕತಾರ್, ಕುವೈತ್, ಸೌದಿ ಎರಡೂವರೆ ಗಂಟೆ ಹಿಂದಿವೆ. ಚಳಿಗಾಲದಲ್ಲಿ ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಗಾಳಿಯ ಕಾರಣ ಹೋಗುವುದಕ್ಕಿಂತ ಬರುವ ಪ್ರಯಾಣ ಬೇಗ ಮುಗಿಯುತ್ತದೆ. ಬಂಧುಗಳನ್ನು ಕರೆತರಲು ಹೋಗುವವರು ಅಲ್ಲಿಂದ ಹೊರಟ ವೇಳೆಗೆ ಹಾರಾಟದ ಅವಧಿಯನ್ನಷ್ಟೇ ಕೂಡಿಸಿ ಹೊರಡದೆ, ಟಿಕೆಟಿನಲ್ಲಿರುವ ಮಂಗಳೂರಿನ ವೇಳೆಯನ್ನೇ ನೋಡಿಕೊಳ್ಳಬೇಕು.