ಹಳೇ ಕಾರ್ಖಾನೆ ಹೊಲಿಗೆ ಮಷಿನ್‌ಗೆ ಮರುಜೀವ: ಮೊದಲು ಎಣ್ಣೆ, ಆಮೇಲೆ ಸ್ಪ್ಯಾನರ್

ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಮಷಿನ್. ಕೈಚಕ್ರ ಒಂದಿಷ್ಟೂ ಅಲುಗುತ್ತಿಲ್ಲ. ಹಾಗಂತ ಗುಜರಿಗೆ ಹಾಕಬೇಡಿ. ಹೆಚ್ಚಿನ ಸಲ ಒಳಗೆ ಯಾವ ಭಾಗವೂ ಮುರಿದಿರುವುದಿಲ್ಲ. ಹಳೇ ಎಣ್ಣೆ ಒಣಗಿ, ಕಂದು ಅಂಟಾಗಿ ಕೀಲುಗಳನ್ನೆಲ್ಲ ಹಿಡಿದುಕೊಂಡಿರುತ್ತದೆ, ಅಷ್ಟೇ. ಕೈಚಕ್ರಕ್ಕೆ ಸ್ಪ್ಯಾನರ್ ಹಾಕಿ ಜಗ್ಗಿದಿರೋ, ಆಗ ನಿಜವಾಗಿ ಮುರಿಯುತ್ತದೆ.

ಬಿಚ್ಚುವ ಮೊದಲು

ಮೋಟಾರ್ ಇದ್ದರೆ ಪ್ಲಗ್ ಕಿತ್ತು, ಬೆಲ್ಟ್ ತೆಗೆಯಿರಿ. ಎಲ್ಲ ಕಡೆಯಿಂದಲೂ ಫೋಟೊ ತೆಗೆದುಕೊಳ್ಳಿ. ಮಷಿನ್ ಮೇಲಿನ ಮಾದರಿ ಸಂಖ್ಯೆ ಬರೆದಿಟ್ಟುಕೊಳ್ಳಿ, ಸೂಜಿ ಮತ್ತು ಬಿಡಿಭಾಗ ಹುಡುಕಲು ಅದೇ ಆಧಾರ. ಸಿಂಗರ್ ಆದರೆ ಆ ಸಂಖ್ಯೆಯಲ್ಲಿ ‘ಕೆ’ ಅಕ್ಷರ ಇದೆಯಾ ನೋಡಿ. ಇದ್ದರೆ ಅದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದು. ಆ ಕಾರ್ಖಾನೆ 1980ರಲ್ಲೇ ಮುಚ್ಚಿತು. ಹಳೇ ಸಿಂಗರ್ ತಿರುಪುಗಳ ಥ್ರೆಡ್ ಕೂಡ ಮಾಮೂಲಿ ಅಳತೆಯದಲ್ಲ, ಒಂದು ಕಳೆದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದು ಕಷ್ಟ. ಆದ್ದರಿಂದ ಬಿಚ್ಚಿದ ಪ್ರತಿ ತಿರುಪನ್ನೂ ಚಿಕ್ಕ ಡಬ್ಬಿಯಲ್ಲಿ ಹಾಕಿ, ಎಲ್ಲಿಯದು ಅಂತ ಚೀಟಿ ಅಂಟಿಸಿ.

ಅಂಟು ಕರಗಿಸುವುದು

ಮಷಿನ್ ತಲೆಯನ್ನು ಹಿಂದಕ್ಕೆ ಮಗುಚಿ. ಲೋಹಕ್ಕೆ ಲೋಹ ಉಜ್ಜುವ ಪ್ರತಿ ಜಾಗಕ್ಕೂ, ಪ್ರತಿ ಎಣ್ಣೆ ತೂತಿಗೂ ಒಂದೆರಡು ಹನಿ ಸೀಮೆಎಣ್ಣೆ ಬಿಡಿ. ಬೆಂಕಿ ಹತ್ತಿರ ಇರಬಾರದು, ಕಿಟಕಿ ತೆರೆದಿರಲಿ. ರಾತ್ರಿಯಿಡೀ ಸುಮ್ನೆ ಬಿಡಿ. ಬೆಳಿಗ್ಗೆ ಕೈಚಕ್ರವನ್ನು ಕೈಯಲ್ಲೇ ಹಿಂದೆ ಮುಂದೆ ಮೆಲ್ಲಗೆ ಆಡಿಸಿ. ಕೂದಲೆಳೆಯಷ್ಟು ಅಲುಗಿದರೂ ಸಾಕು, ಮಷಿನ್ ಬದುಕಿದೆ! ಅಲುಗದಿದ್ದರೆ ಸೀಮೆಎಣ್ಣೆಯನ್ನು ಪೂರ್ತಿ ಒರೆಸಿ, ಅದು ಆರಿದ ಮೇಲೆ ಮಾತ್ರ ಹೇರ್ ಡ್ರೈಯರ್‌ನಿಂದ ಕೀಲುಗಳನ್ನು ಬೆಚ್ಚಗೆ ಮಾಡಿ. ಆಗ ಗಟ್ಟಿ ಅಂಟು ಜೇನಿನ ಹಾಗೆ ಇಳಿಯತೊಡಗುತ್ತದೆ. ಒರೆಸಿ, ತಣ್ಣಗಾದ ಮೇಲೆ ಮತ್ತೆ ಹನಿ ಬಿಡಿ. ಮೂರು ನಾಲ್ಕು ದಿನ ಹಿಡಿದರೂ ಅವಸರ ಬೇಡ.

ಸೂಜಿ ತಟ್ಟೆ ತೆಗೆದರೆ ಕೆಳಗೆ ಬಟ್ಟೆಯನ್ನು ತಳ್ಳುವ ಹಲ್ಲುಪಟ್ಟಿ ಕಾಣುತ್ತದೆ. ಹಲ್ಲಿನ ಸಂದಿಯಲ್ಲಿ ವರ್ಷಗಳ ನೂಲಿನ ಧೂಳು ಎಣ್ಣೆ ಕುಡಿದು ಕಂಬಳಿಯ ತುಂಡಿನಂತೆ ಗಟ್ಟಿಯಾಗಿರುತ್ತದೆ. ಹಳೇ ಸೂಜಿಯಿಂದ ಕೆದಕಿ, ಚಿಮಟದಿಂದ ಎಳೆಯಿರಿ. ಬಾಬಿನ್ (ಅಡಿ ದಾರದ ಸುರುಳಿ) ಸುತ್ತಲೂ ನೋಡಿ. ಅಲ್ಲಿ ಸುತ್ತಿಕೊಂಡ ಒಂದು ಎಳೆ ದಾರವೇ ಇಡೀ ಮಷಿನ್ ನಿಲ್ಲಿಸಬಲ್ಲದು.

ಸೀಮೆಎಣ್ಣೆ ತೊಳೆಯಲಿಕ್ಕೆ ಮಾತ್ರ. ಚಕ್ರ ಸಲೀಸಾಗಿ ತಿರುಗಿದ ಮೇಲೆ ಎಲ್ಲ ಒರೆಸಿ, ತಿಳಿ ಹೊಲಿಗೆ ಮಷಿನ್ ಎಣ್ಣೆ ಬಿಡಲೇಬೇಕು. ಅಡುಗೆ ಎಣ್ಣೆ ಬೇಡವೇ ಬೇಡ, ಅದು ಮತ್ತೆ ಅಂಟಾಗುತ್ತದೆ.

ಜಗ್ಗದ ತಿರುಪಿಗೆ ಅದರ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬೇಕು. ಸಡಿಲವಾಗಿ ಕೂತರೆ ತಲೆ ಸವೆದುಹೋಗುತ್ತದೆ.

ತಲೆಗೆ ಬಣ್ಣ ಬೇಡ

ಕಪ್ಪು ಮೈ ಮೇಲಿನ ಚಿನ್ನದ ಬಣ್ಣದ ಚಿತ್ತಾರ ಅಲ್ಲಲ್ಲಿ ಮಾಸಿದ್ದರೂ ಇರಲಿ ಬಿಡಿ. ಎಷ್ಟೋ ಕೈಗಳು ದುಡಿದ ಗುರುತು ಅದು, ಹೊಸ ಬಣ್ಣದ ಕೆಳಗೆ ಮುಚ್ಚಿಹೋಗಬಾರದು ಅನ್ನುವುದು ನನ್ನ ಆಸೆ. ಹತ್ತಿಗೆ ಮಷಿನ್ ಎಣ್ಣೆ ಹಚ್ಚಿ ಮೆತ್ತಗೆ ಒರೆಸಿ. ಸ್ಪಿರಿಟ್ ಮುಟ್ಟಿಸಬೇಡಿ. ಹಳೇ ಮಷಿನ್‌ಗಳ ಮೇಲಿನ ಅರಗಿನ ಹೊಳಪು ಅದರಲ್ಲಿ ಕರಗಿ, ಚಿತ್ತಾರವೂ ಎದ್ದುಬರಬಹುದು. ಚಿತ್ತಾರದ ಮೇಲೆ ಸೀಮೆಎಣ್ಣೆಯೂ ಬೇಡ.

ಸ್ಟ್ಯಾಂಡ್

ಬಣ್ಣ ಬಳಿಯುವ ಆಸೆಯನ್ನು ಇಲ್ಲಿ ತೀರಿಸಿಕೊಳ್ಳಿ. ತಂತಿ ಬ್ರಷ್‌ನಿಂದ ಸಡಿಲ ತುಕ್ಕು ಉದುರಿಸಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಹಾಗಾಗಿ ಬಣ್ಣ ಇರುವ ಕಡೆ ಒಣಗಿದ್ದಾಗ ಉಜ್ಜಬೇಡಿ. ನೀರು ಹಚ್ಚಿ, ವಾಟರ್ ಪೇಪರ್‌ನಲ್ಲಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ. ಚೆನ್ನಾಗಿ ಒಣಗಿದ ಮೇಲೆ ಒಂದು ಕೋಟ್ ರೆಡ್ ಆಕ್ಸೈಡ್ (ತುಕ್ಕು ತಡೆಯುವ ಪ್ರೈಮರ್), ಅದರ ಮೇಲೆ ಎರಡು ತೆಳು ಕೋಟ್ ಎನಾಮೆಲ್. ಪೆಡಲ್ ತಿರುಗುವ ಕೀಲಿಗೆ ಬಣ್ಣ ತಾಗಬಾರದು, ಅಲ್ಲಿ ಎಣ್ಣೆಯೇ ಇರಬೇಕು. ಕಾಲು ಅಲುಗಾಡಿದರೆ ಬೋಲ್ಟ್ ಬಿಗಿ ಮಾಡಿ, ಇಲ್ಲದಿದ್ದರೆ ಹೊಲಿಯುವಾಗ ಮೇಜೇ ನಡುಗುತ್ತದೆ.

ಹಳೇ ಕ್ಲಚ್ ಮೋಟಾರ್ (ಸದಾ ತಿರುಗುತ್ತಾ, ಪೆಡಲ್ ಒತ್ತಿದಾಗ ಮಾತ್ರ ಮಷಿನ್ ಓಡಿಸುವಂಥದ್ದು) ಸ್ವಿಚ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಅದು ಪೂರ್ತಿ ನಿಲ್ಲುವವರೆಗೆ ಬೆಲ್ಟ್ ಹತ್ತಿರ ಕೈ ಹಾಕಬೇಡಿ. ವೈರ್ ಸುಲಿದಿದ್ದರೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಮನೆಯಲ್ಲಿ ಹೊಲಿಯುವವರಿಗೆ ಪೆಡಲ್ ಒತ್ತಿದಾಗ ಮಾತ್ರ ತಿರುಗುವ ಸರ್ವೋ ಮೋಟಾರ್ ವಾಸಿ. ಸದ್ದು ಕಡಿಮೆ, ವೇಗವೂ ಹಿಡಿತದಲ್ಲಿರುತ್ತದೆ.

ಮೊದಲ ಹೊಲಿಗೆ

ಮಾದರಿಗೆ ತಕ್ಕ ಹೊಸ ಸೂಜಿ ಹಾಕಿ. ಸೂಜಿಯ ಉದ್ದ ಗೀರು ದಾರ ಒಳಬರುವ ಕಡೆಗಿರಬೇಕು. ಮೊದಲು ಕೈಚಕ್ರದಿಂದಲೇ ನಾಲ್ಕು ಹೊಲಿಗೆ ಹಾಕಿ. ಹೊಲಿಗೆ ಬೀಳದಿದ್ದರೆ, ಸೂಜಿಯನ್ನು ಪೂರ್ತಿ ಮೇಲಕ್ಕೆ ತಳ್ಳಿ ಬಿಗಿ ಮಾಡಿದ್ದೀರಾ ಅಂತ ನೋಡಿ. ಅದೂ ಸರಿಯಿದ್ದರೆ ಅಡಿಯಲ್ಲಿ ದಾರದ ಕುಣಿಕೆ ಹಿಡಿಯುವ ಹುಕ್ ಗಮನಿಸಿ. ಸೂಜಿ ತಳ ಮುಟ್ಟಿ ಸುಮಾರು 2 ಮಿಲಿಮೀಟರ್ ಮೇಲೆ ಬಂದಾಗ ಹುಕ್ಕಿನ ತುದಿ ಸೂಜಿ ಕಣ್ಣಿನ ಸ್ವಲ್ಪ ಮೇಲೆ, ಸೂಜಿಗೆ ತಾಗಿಯೂ ತಾಗದಂತೆ ಹಾದುಹೋಗಬೇಕು. ಹೊಲಿಗೆ ಬೀಳುತ್ತಿದ್ದರೆ ಅಲ್ಲಿ ಕೈಯಾಡಿಸುವ ಅಗತ್ಯವೇ ಇಲ್ಲ.

ಮೇಲೊಂದು ಬಣ್ಣದ ದಾರ, ಬಾಬಿನ್‌ಗೆ ಇನ್ನೊಂದು ಬಣ್ಣದ್ದು ಹಾಕಿ, ಎರಡು ಮಡಿಕೆ ಹಳೇ ಬಟ್ಟೆ ಹೊಲಿಯಿರಿ. ಮೇಲಿನ ಬಣ್ಣ ಅಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಕಂಡರೆ ಮೇಲಿನ ದಾರದ ಬಿಗಿ ತಿರುಪನ್ನು ಕಾಲು ಸುತ್ತು ಬಿಗಿ ಮಾಡಿ. ಬಾಬಿನ್ ದಾರ ಮೇಲೆ ಇಣುಕಿದರೆ ಅಷ್ಟೇ ಸಡಿಲಿಸಿ. ಎರಡೂ ಬಣ್ಣ ಬಟ್ಟೆಯ ಮಧ್ಯದಲ್ಲೇ ಕೂಡಿಕೊಂಡ ಮೇಲೆ ಪೆಡಲ್ ಮೇಲೆ ಕಾಲಿಡಿ.